ಊರಿನ ಸಂಜೆ ಪಾಠ: ಜೂನ್‌ನಿಂದ ಮಾರ್ಚ್‌ವರೆಗೆ ನಡೆಸುವ ಕ್ರಮ, ಆಮೇಲೂ ಮಕ್ಕಳ ನಂಟು ಉಳಿಸಿಕೊಳ್ಳುವ ಕ್ರಮ

ಮಂಡ್ಯ, ಮೈಸೂರು ಸೀಮೆಯಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆಂದು ಉಚಿತ ಸಂಜೆ ಪಾಠ ಶುರು ಮಾಡುವವರಿಗೆ ಕೊರತೆಯಿಲ್ಲ. ಅವು ನಿಲ್ಲುವುದೂ ಹೆಚ್ಚುಕಡಿಮೆ ಒಂದೇ ರೀತಿ. ಜುಲೈನಲ್ಲಿ ದೀಪ ಬೆಳಗಿ ಉದ್ಘಾಟನೆ, ದಸರಾ ರಜೆ ಮುಗಿಯುವಷ್ಟರಲ್ಲಿ ಅರ್ಧ ಮಕ್ಕಳಿಲ್ಲ, ಸಂಕ್ರಾಂತಿ ಹೊತ್ತಿಗೆ ಪಾಠ ಹೇಳುವವರೂ ಇಲ್ಲ. ಹೇಗೋ ಮಾರ್ಚ್‌ ತನಕ ಎಳೆದವರನ್ನು ಕೇಳಿ ನೋಡಿ, ಹೋದ ವರ್ಷದ ಮಕ್ಕಳು ಈಗ ಎಲ್ಲಿದ್ದಾರೆ ಎಂದು. ಫೋನ್ ಸ್ವಿಚ್ ಆಫ್ ಬರುತ್ತದೆ ಎನ್ನುತ್ತಾರೆ.

ಎರಡಕ್ಕೂ ಕಾರಣ ಕೆಲಸದ ಕ್ರಮ ತಲೆಕೆಳಗಾಗಿರುವುದು. ಮಕ್ಕಳನ್ನು ಸೇರಿಸಿಕೊಂಡ ಮೇಲೆ ಪಾಠ ಹೇಳುವವರನ್ನು ಹುಡುಕುತ್ತೇವೆ, ಮಕ್ಕಳು ಹೋದ ಮೇಲೆ ಅವರ ನಂಬರ್ ಹುಡುಕುತ್ತೇವೆ. ಕೆಳಗಿನ ಕ್ರಮ 8ರಿಂದ 10ನೇ ತರಗತಿಯ 25-30 ಮಕ್ಕಳ ಕೇಂದ್ರಕ್ಕೆ ಹೊಂದುವಂಥದ್ದು. ಮೊದಲ ವರ್ಷ ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ದಪ್ಪ ರಟ್ಟಿನ ದಾಖಲಾತಿ ಪುಸ್ತಕ, ಒಂದು ಹಾಜರಿ ಪುಸ್ತಕ, ಗೋಡೆಗೆ ಒರಗಿಸುವ ಕಪ್ಪು ಹಲಗೆ ನಾಲ್ಕು (ಪ್ರತಿ ಗುಂಪಿಗೆ ಒಂದು), ಸೀಮೆಸುಣ್ಣ, ಜಮಖಾನ, ಚಾರ್ಜ್ ಆಗುವ ಎಮರ್ಜೆನ್ಸಿ ಲೈಟು ಎರಡು, 8ರಿಂದ 10ರವರೆಗಿನ ಗಣಿತ, ವಿಜ್ಞಾನ, ಇಂಗ್ಲಿಷ್ ಪಠ್ಯಪುಸ್ತಕದ ಎರಡೆರಡು ಪ್ರತಿ. 5ನೇ ತರಗತಿಯ ಗಣಿತ ಪುಸ್ತಕವೂ ಎರಡು ಬೇಕು. ಯಾಕೆಂದು 5, 6ನೇ ಹಂತಗಳಲ್ಲಿ ಗೊತ್ತಾಗುತ್ತದೆ. ಪ್ರೊಜೆಕ್ಟರ್, ಟ್ಯಾಬ್ ಕೊಡಿಸುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ, ಮೊದಲ ವರ್ಷ ಕಳೆಯಲಿ ಎಂದು ಹೇಳಿ. ಅವುಗಳನ್ನು ಬೀಗ ಹಾಕಿ ಕಾಯುವುದೇ ಒಂದು ಕೆಲಸವಾಗುತ್ತದೆ.

ಹಂತ 1: ಜಾಗ, ಅನುಮತಿ, ಹೊತ್ತು (ಮೇ ಕೊನೆಯಿಂದ ಜೂನ್ ಮೊದಲ ವಾರ)

ಶಾಲೆಯ ಕೊಠಡಿಯೇ ಬೇಕಿದ್ದರೆ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಒಂದೇ ಅರ್ಜಿ ಕೊಟ್ಟು, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಮುಟ್ಟಿಸಿ. ಯಾವ ದಿನ, ಎಷ್ಟು ಗಂಟೆಗೆ, ಬೀಗದ ಕೈ ಯಾರ ಬಳಿ, ಕರೆಂಟ್ ಬಿಲ್ಲಿಗೆ ಏನು ಏರ್ಪಾಡು ಎಂಬ ನಾಲ್ಕೂ ಬರಹದಲ್ಲಿರಲಿ. ಬಾಯಿಮಾತಿನ ಒಪ್ಪಿಗೆ ಮುಖ್ಯ ಶಿಕ್ಷಕರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ. ಶಾಲೆ ಸಿಗದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಅರಿವು ಕೇಂದ್ರ ಅಥವಾ ಸಮುದಾಯ ಭವನ ಕೇಳಬಹುದು. ಭವನವಾದರೆ ಮದುವೆ, ತಿಥಿ ದಿನಗಳಲ್ಲಿ ಎಲ್ಲಿ ಕೂರುವುದು ಎಂದು ಮೊದಲೇ ಗೊತ್ತುಮಾಡಿ. ಯಾರ ಮನೆಯ ಜಗುಲಿಯೂ ಬೇಡ. ಆ ಮನೆಯವರಿಗೆ ಆಗದವರ ಮಕ್ಕಳು ಅಲ್ಲಿಗೆ ಕಾಲಿಡುವುದಿಲ್ಲ.

ಹೊತ್ತು ಗೊತ್ತುಮಾಡುವಾಗ ಊರಿನ ಗಡಿಯಾರ ನೋಡಿ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಪಾಠ ಇಟ್ಟರೆ ಹಸು ಇರುವ ಮನೆಯ ಮಕ್ಕಳೆಲ್ಲ ತಪ್ಪಿಸಿಕೊಳ್ಳುತ್ತಾರೆ. ಅದನ್ನು ಸೋಮಾರಿತನ ಎಂದುಕೊಂಡರೆ ಕೆಲಸ ಕೆಡುತ್ತದೆ. ಎಲ್ಲ ಮಕ್ಕಳೂ ಅದೇ ಊರಿನವರಾದರೆ ಡೇರಿ ಮುಗಿದ ಮೇಲೆ, ಏಳರಿಂದ ಎಂಟೂವರೆ. ಅಕ್ಕಪಕ್ಕದ ಊರುಗಳಿಂದ ಬರುವ ಹೆಣ್ಣುಮಕ್ಕಳಿದ್ದರೆ ಶಾಲೆ ಬಿಟ್ಟ ಕೂಡಲೇ ಒಂದೂವರೆ ಗಂಟೆ ನಡೆಸಿ ಬೆಳಕಿರುವಾಗಲೇ ಬಿಡಬೇಕು. ಎರಡನ್ನೂ ಬೆರೆಸಿ ಆರು ಗಂಟೆ ಎಂದು ಇಟ್ಟರೆ ಇತ್ತ ಹಸು ಮನೆಯವರೂ ಇಲ್ಲ, ಅತ್ತ ಹೆಣ್ಣುಮಕ್ಕಳೂ ಇಲ್ಲ.

ವಾರಕ್ಕೆ ನಾಲ್ಕು ಸಂಜೆ ಸಾಕು. ಶಾಲೆ ಬಿಟ್ಟ ಕೂಡಲೇ ಕೂರಿಸುವ ಕೇಂದ್ರದಲ್ಲಿ ಹೊಟ್ಟೆಗೆ ಏನಾದರೂ ಬೇಕೇ ಬೇಕು. ಒಂದು ಕಿಲೊ ಕಡಲೆಕಾಳು ನೆನೆಹಾಕಿ ಉಸಲಿ ಮಾಡಿದರೆ 30 ಮಕ್ಕಳಿಗೆ ತಲಾ ಒಂದು ಹಿಡಿಗಿಂತ ಹೆಚ್ಚೇ ಬರುತ್ತದೆ.

ಹಂತ 2: ಪಾಠ ಹೇಳುವ ಅಣ್ಣ, ಅಕ್ಕಂದಿರು (ಮಕ್ಕಳಿಗಿಂತ ಮೊದಲು)

ಲೆಕ್ಕ ಸರಳ. ಒಬ್ಬರಿಗೆ ಏಳೆಂಟು ಮಕ್ಕಳು. 30 ಮಕ್ಕಳಿಗೆ ಒಂದು ಸಂಜೆಗೆ ನಾಲ್ವರು, ನಾಲ್ಕು ಸಂಜೆಗೆ ಹದಿನಾರು ಪಾಳಿ. ಒಬ್ಬೊಬ್ಬರು ವಾರಕ್ಕೆ ಎರಡು ಸಂಜೆ ಬಂದರೆ ಎಂಟು ಜನ, ಜೊತೆಗೆ ಬದಲಿಗೆ ಇಬ್ಬರು. ಈ ಹತ್ತು ಹೆಸರು ಪಟ್ಟಿಯಲ್ಲಿ ಬೀಳುವವರೆಗೆ ಒಂದು ಮಗುವನ್ನೂ ಸೇರಿಸಿಕೊಳ್ಳಬೇಡಿ. ಬಹಳಷ್ಟು ಕೇಂದ್ರಗಳು ಮುಳುಗುವುದು ಇಲ್ಲೇ: ನಾಲ್ವರು ಉತ್ಸಾಹಿಗಳು, ನಾಲ್ಕೂ ದಿನ ಬರುತ್ತೇವೆ ಎಂಬ ಮಾತು, ಆರನೇ ವಾರಕ್ಕೆ ಸುಸ್ತು.

ಎಲ್ಲಿ ಸಿಗುತ್ತಾರೆ? ಮೊದಲು ಪದವಿ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಅಧಿಕಾರಿಯನ್ನು ಕಾಣಿ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕು. ವಾರಕ್ಕೆ ಎರಡು ಸಂಜೆಯಂತೆ 30 ವಾರ ಬಂದರೆ 90 ಗಂಟೆಯಾಗುತ್ತದೆ. ಹಾಗಾಗಿ ಸಹಿ ಮಾಡಿದ ಗಂಟೆ ಪಟ್ಟಿ ಅವರಿಗೂ ಬೇಕು, ನಿಮಗೂ ಬೇಕು. ಬಿ.ಎಡ್ ಮಕ್ಕಳು ಒಳ್ಳೆಯ ಕೈ, ಆದರೆ ಅವರ ಪರೀಕ್ಷೆ ವೇಳಾಪಟ್ಟಿಯನ್ನು ಮೊದಲೇ ಕೇಳಿಕೊಳ್ಳಿ. ಮದ್ದೂರು, ಮಂಡ್ಯದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರನ್ನು ವಾರದ ನಡುವೆ ನೆಚ್ಚಿಕೊಳ್ಳಬೇಡಿ. ರೈಲು ಅರ್ಧ ಗಂಟೆ ತಡವಾದರೆ ಎಂಟು ಮಕ್ಕಳು ಸುಮ್ಮನೆ ಕೂರುತ್ತಾರೆ. ಅವರಿಗೆ ಭಾನುವಾರದ ಕೆಲಸ ಇದೆ, ಮುಂದೆ ಬರುತ್ತದೆ.

ಎಲ್ಲರಿಗಿಂತ ಗಟ್ಟಿಯಾಗಿ ನಿಲ್ಲುವವರು ಇದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಎರಡು-ಮೂರು ವರ್ಷ ಆದವರು. ಆ ಪ್ರಶ್ನೆಪತ್ರಿಕೆಯ ಬಿಸಿ ಅವರಿಗಿನ್ನೂ ಆರಿರುವುದಿಲ್ಲ. ಯಾವ ಮೇಷ್ಟ್ರು ಯಾವ ಪಾಠವನ್ನು ಓಡಿಸುತ್ತಾರೆ ಎಂಬುದೂ ಗೊತ್ತಿರುತ್ತದೆ. 18 ತುಂಬದವರು ದೊಡ್ಡವರೊಬ್ಬರ ಜೊತೆಯಲ್ಲಿ ಸಹಾಯಕರಾಗಿ ಮಾತ್ರ ಇರಲಿ.

ಪ್ರತಿಯೊಬ್ಬರಿಂದಲೂ ದಸರಾವರೆಗೆ ಬರುತ್ತೇನೆ ಎಂಬ ಮಾತು ತೆಗೆದುಕೊಳ್ಳಿ, ವರ್ಷಪೂರ್ತಿ ಎಂದಲ್ಲ. ದಸರಾ ಆದ ಮೇಲೆ ಮತ್ತೆ ಕೇಳಿ. ನಾಲ್ಕು ತಿಂಗಳ ಮಾತನ್ನು ಜನ ಉಳಿಸಿಕೊಳ್ಳುತ್ತಾರೆ. ವರ್ಷದ ಮಾತಾದರೆ ಹೇಳದೆ ಕೇಳದೆ ತಪ್ಪಿಸಿಕೊಳ್ಳುತ್ತಾರೆ.

ಹಂತ 3: ಮಕ್ಕಳ ಸುರಕ್ಷತೆ (ಮೊದಲ ಪಾಠಕ್ಕೆ ಮುಂಚೆ)

ಊರವರೇ ತಾನೇ ಎಂದು ಇದನ್ನು ಬಿಡುವಂತಿಲ್ಲ. ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಹತ್ತೂ ಜನರ ಸಹಿ ಪಡೆಯಿರಿ. ಕೇಂದ್ರದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಹೆಣ್ಣುಮಕ್ಕಳಿರುವ ಕಡೆ ಅವರಲ್ಲಿ ಒಬ್ಬರು ಹೆಂಗಸು. ಬಾಗಿಲು ತೆರೆದೇ ಇರಬೇಕು. ಮಗುವನ್ನು ಒಂಟಿಯಾಗಿ ಬೈಕಿನಲ್ಲಿ ಕೂರಿಸಿಕೊಂಡು ಹೋಗುವಂತಿಲ್ಲ. ಮಗುವಿನ ಜೊತೆ ಖಾಸಗಿ ಮೆಸೇಜ್ ಇಲ್ಲ, ಹೇಳಬೇಕಾದ್ದು ಪೋಷಕರ ನಂಬರಿಗೆ. ಹೊಡೆಯುವಂತಿಲ್ಲ, 'ಎರಡು ಬಿಡಿ ಸಾರ್' ಎಂದು ಅಪ್ಪನೇ ಹೇಳಿದರೂ. ಹೊರಗಿನಿಂದ ಬರುವವರಿಗೆ ಪೊಲೀಸ್ ಪರಿಶೀಲನಾ ಪತ್ರ ಕೇಳಿ, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು.

ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ಅದನ್ನು ಊರಲ್ಲೇ ಪಂಚಾಯಿತಿ ಮಾಡಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಯ ಮೇಲೆ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರೆಸಿ.

ಹಂತ 4: ದಾಖಲಾತಿ ಪುಸ್ತಕ

ಹಳೆ ವಿದ್ಯಾರ್ಥಿಗಳ ಸಂಘ ಹುಟ್ಟುವುದು ಈ ಪುಸ್ತಕದಲ್ಲಿ. ಮಗು ಮೊದಲ ದಿನ ಬಂದಾಗ ಒಂದು ಪುಟ ಪೂರ್ತಿ ಅದಕ್ಕೆ ಮೀಸಲಿಡಿ, ಒಂದು ಸಾಲಲ್ಲ.

ಪುಟದ ಮೇಲ್ಭಾಗದಲ್ಲಿ ಶಾಲೆಯ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಪಟ್ಟಿ) ದಾಖಲೆಯಲ್ಲಿ ಇರುವಂತೆಯೇ ಹೆಸರು, ಸ್ಯಾಟ್ಸ್ ಸಂಖ್ಯೆ, ಹುಟ್ಟಿದ ದಿನ, ತಂದೆ ತಾಯಿ ಹೆಸರು. ಕೆಳಗೆ ಮೂರು ಫೋನ್ ನಂಬರ್: ಮನೆಯದು, ತಾಯಿಯ ತವರಿನವರದು (ಸೋದರಮಾವ ಅಥವಾ ಅಜ್ಜಿ), ಊರು ಬಿಟ್ಟು ಹೋಗದ ಒಬ್ಬರದು (ಅಂಗಡಿಯವರು, ಅಂಗನವಾಡಿ ಟೀಚರ್). ಮೂರು ಯಾಕೆಂದರೆ ಹತ್ತನೇ ಕ್ಲಾಸಿನ ಮಗುವಿನ ನಂಬರ್ ಸಾಮಾನ್ಯವಾಗಿ ಅಪ್ಪನದು ಅಥವಾ ಅಣ್ಣನದು. ಪಿಯುಸಿ ಸೇರಿದ ಮೇಲೆ ಹೊಸ ಸಿಮ್ ಬರುತ್ತದೆ, ಹಳೆಯದಕ್ಕೆ ರೀಚಾರ್ಜ್ ನಿಲ್ಲುತ್ತದೆ. ತವರಿನ ನಂಬರ್ ಮಾತ್ರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಪುಟದ ಕೆಳ ಅರ್ಧ ಖಾಲಿ ಬಿಡಿ, ಮುಂದಿನ ಐದು ವರ್ಷದ ಕರೆಗಳ ಟಿಪ್ಪಣಿಗೆ.

ಪೋಷಕರ ಸಹಿ ಎರಡು ಕಡೆ ಬೇಕು: ಪಾಠಕ್ಕೆ ಕಳಿಸಲು ಒಪ್ಪಿಗೆಗೆ ಒಂದು, ಈ ವಿವರ ಇಟ್ಟುಕೊಂಡು ಮುಂದೆಯೂ ಸಂಪರ್ಕಿಸಲು ಒಪ್ಪಿಗೆಗೆ ಇನ್ನೊಂದು. 18 ತುಂಬದವರ ಮಾಹಿತಿಯನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಟ್ಟುಕೊಳ್ಳಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಫೋಟೊ ಹಾಕುವುದಕ್ಕೆ ಬೇರೆಯದೇ ಒಪ್ಪಿಗೆ. ಆಧಾರ್ ಸಂಖ್ಯೆ ಬರೆದುಕೊಳ್ಳಬೇಡಿ, ಅದು ನಿಮಗೆ ಬೇಕಾಗುವುದಿಲ್ಲ.

ಹಂತ 5: ಮಟ್ಟ ನೋಡುವುದು (ಜೂನ್ ಮೂರನೇ ವಾರ)

ಒಂಬತ್ತನೇ ಕ್ಲಾಸಿನವರೆಲ್ಲ ಒಂದು ಗುಂಪು ಎಂದು ಕೂರಿಸುವುದು ಅತಿ ಸಾಮಾನ್ಯ ತಪ್ಪು. ತರಗತಿ ನೋಡಿ ಗುಂಪು ಮಾಡಿದರೆ ಬಲ್ಲವರು ಬೇಸರಪಟ್ಟು ಹೋಗುತ್ತಾರೆ, ಬಾರದವರು ನಾಚಿಕೊಂಡು ಹೋಗುತ್ತಾರೆ. ಒಂದು ಹಾಳೆಯ ಪರೀಕ್ಷೆ ಕೊಡಿ, ಅಂಕ ಹಾಕಬೇಡಿ, ತಪ್ಪಿನ ಬಗೆ ಓದಿ. ಗಣಿತಕ್ಕೆ ಈ ನಾಲ್ಕು ಲೆಕ್ಕ ಸಾಕಷ್ಟು ಹೇಳುತ್ತವೆ:

403 – 168. ಸರಿ ಉತ್ತರ 235. ಮಗು 365 ಬರೆದಿದ್ದರೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ದಶಕ ತರುವುದು ಬಂದಿಲ್ಲ.

612 ÷ 6. ಸರಿ ಉತ್ತರ 102. 12 ಬರೆದಿದ್ದರೆ ಸೊನ್ನೆಯ ಸ್ಥಾನಬೆಲೆ ತಿಳಿದಿಲ್ಲ.

1/2 + 1/3. 2/5 ಎಂದರೆ ಭಿನ್ನರಾಶಿಯನ್ನು ಎರಡು ಬೇರೆ ಬೇರೆ ಸಂಖ್ಯೆಯಾಗಿ ನೋಡುತ್ತಿದೆ. ಆಗಬೇಕಾದ್ದು 5/6.

–7 + 3. –10 ಎಂದರೆ ಋಣ ಸಂಖ್ಯೆಯಲ್ಲಿ ಎಡವುತ್ತಿದೆ. ಇದು ಸರಿಯಾಗದೆ ಬೀಜಗಣಿತದ ಒಂದು ಮೆಟ್ಟಿಲೂ ಹತ್ತಲಾಗದು.

ಕನ್ನಡಕ್ಕೆ ಆರನೇ ತರಗತಿ ಪುಸ್ತಕದ ಎಂಟು ಸಾಲನ್ನು ಒಬ್ಬೊಬ್ಬರಿಂದಲೇ, ಬೇರೆಯವರಿಗೆ ಕೇಳದಂತೆ, ಗಟ್ಟಿಯಾಗಿ ಓದಿಸಿ. ಒತ್ತಕ್ಷರದಲ್ಲಿ ನಿಂತು ನಿಂತು ಓದುವ ಮಗುವಿಗೆ ಸಮಾಜ ವಿಜ್ಞಾನದ ಪ್ರಶ್ನೆ ಅರ್ಥವಾಗುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಹೀಗೆ ನೋಡಿ ನಾಲ್ಕು ಗುಂಪು ಮಾಡಿ. ಗುಂಪುಗಳಿಗೆ ಹೂವಿನ ಹೆಸರೋ ನದಿಯ ಹೆಸರೋ ಇಡಿ. ಎ, ಬಿ, ಸಿ ಎಂದಿಟ್ಟರೆ ಮರುದಿನವೇ ಊರಿಗೆಲ್ಲ ಅರ್ಥವಾಗುತ್ತದೆ. ಎಂಟು ವಾರಕ್ಕೊಮ್ಮೆ ಮತ್ತೆ ನೋಡಿ ಗುಂಪು ಬದಲಿಸಿ.

ಹಂತ 6: 90 ನಿಮಿಷ ಹೇಗೆ ಕಳೆಯಬೇಕು

ಮೊದಲ ಹತ್ತು ನಿಮಿಷ ಹಾಜರಿ, ನಿನ್ನೆಯ ಒಂದು ಲೆಕ್ಕ. ಆಮೇಲೆ 35 ನಿಮಿಷ ಗುಂಪಿನ ಮಟ್ಟದ ಪಾಠ: ಬಾರದ ಗುಂಪಿಗೆ ಐದನೇ ಕ್ಲಾಸಿನ ಪುಸ್ತಕ, ರಟ್ಟು ಹಾಕಿಕೊಟ್ಟರೆ ಸಂಕೋಚವಿಲ್ಲ. ನಂತರ 35 ನಿಮಿಷ ಅವರವರ ತರಗತಿಯ ವಿಷಯ. ಕೊನೆಯ ಹತ್ತು ನಿಮಿಷ ಅಣ್ಣ, ಅಕ್ಕಂದಿರು ತಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆಯುವುದಕ್ಕೆ: ಇಂದು ಏನಾಯಿತು, ನಾಳೆ ಬರುವವರು ಎಲ್ಲಿಂದ ಶುರು ಮಾಡಬೇಕು. ಈ ಸಾಲು ಇಲ್ಲದಿದ್ದರೆ ಸೋಮವಾರದವರು ಹೇಳಿದ್ದನ್ನೇ ಮಂಗಳವಾರದವರು ಹೇಳುತ್ತಾರೆ. ಶಾಲೆಯ ಹೋಂವರ್ಕ್ ಮುಗಿಸಿಕೊಡುವ ಜಾಗ ಇದಾಗಬಾರದು. ಒಮ್ಮೆ ಆ ರೂಢಿ ಬಿದ್ದರೆ ಪೋಷಕರೂ ಅದನ್ನೇ ಕೇಳುತ್ತಾರೆ.

ಹತ್ತನೆಯವರಿಗೆ ಡಿಸೆಂಬರ್‌ನಿಂದ ವಾರಕ್ಕೊಂದು ಹಳೆ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟು. ಗಣಿತ, ವಿಜ್ಞಾನ, ಸಮಾಜದಲ್ಲಿ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ. ಅಂಚಿನಲ್ಲಿರುವ ಮಗುವಿಗೆ ಇಡೀ ಪುಸ್ತಕ ಓದಿಸುವ ಹಟ ಬೇಡ. ಗ್ರಾಫ್, ಚಿತ್ರ ಬರೆದು ಭಾಗ ಗುರುತಿಸುವಂಥ, ಕೈ ಪಳಗಿದರೆ ಅಂಕ ಖಚಿತವಾಗುವ ಪ್ರಶ್ನೆಗಳನ್ನು ಮೊದಲು ಗಟ್ಟಿ ಮಾಡಿಸಿ. ಫೆಬ್ರವರಿ, ಮಾರ್ಚ್‌ನಲ್ಲಿ ಊರಹಬ್ಬ ಬಂದರೆ ಮೂರು ದಿನ ರಜೆ ಎಂದು ನೀವೇ ಘೋಷಿಸಿಬಿಡಿ. ತಮಟೆ ಸದ್ದಿನ ಎದುರು ಯಾರ ಪಾಠವೂ ನಿಲ್ಲದು.

ಎಚ್ಚರಿಕೆಯ ಗುರುತುಗಳು

ಒಂದು ವಾರದಲ್ಲಿ ಎರಡು ಸಂಜೆ ಬಾರದ ಮಗುವಿನ ಮನೆಗೆ ಮೂರನೇ ಸಂಜೆ ಯಾರಾದರೂ ಹೋಗಲೇಬೇಕು. ಎರಡು ವಾರ ಬಿಟ್ಟು ಹೋದರೆ ಮಗು ಮರಳುವುದು ಕಷ್ಟ. ಕಬ್ಬು ಕಟಾವು, ನಾಟಿ ಕಾಲದಲ್ಲಿ ಗಂಡುಮಕ್ಕಳು ತಪ್ಪಿಸಿಕೊಂಡರೆ ಹೆದರಬೇಕಿಲ್ಲ, ದಿನ ಲೆಕ್ಕ ಹಾಕಿ ವಾಪಸ್ ಕರೆಯಿರಿ. ಹತ್ತನೇ ಕ್ಲಾಸಿನ ಹುಡುಗಿ ಇದ್ದಕ್ಕಿದ್ದಂತೆ ಬರುವುದು ಬಿಟ್ಟು, ಮನೆಯವರು 'ಅಜ್ಜಿ ಮನೆಗೆ ಹೋಗವ್ಳೆ' ಎಂದಷ್ಟೇ ಹೇಳಿದರೆ ಮದುವೆ ಮಾತು ನಡೆದಿರಬಹುದು. 18ಕ್ಕೆ ಮುಂಚಿನ ಮದುವೆಯ ಸುಳಿವಿಗೂ ಅದೇ 1098. ಪಾಠ ಹೇಳುವವರಲ್ಲಿ ಯಾರಾದರೂ ತಿಂಗಳಲ್ಲಿ ಎರಡು ಸಲ ಹೇಳದೆ ತಪ್ಪಿಸಿಕೊಂಡರೆ ಬೈಯಬೇಡಿ, ವಾರಕ್ಕೆ ಒಂದೇ ಸಂಜೆಗೆ ಇಳಿಸಿ ಬದಲಿಯನ್ನು ಹಾಕಿ.

ಹಂತ 7: ಕಾಗದಪತ್ರ (ಆಗಸ್ಟ್‌ನಿಂದ ನವೆಂಬರ್)

ಲೆಕ್ಕ ಬಂದೂ ಕಾಲೇಜು ತಪ್ಪುವುದು ಕಾಗದದಿಂದ. ಎಂಟನೆಯವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಿಸಬೇಕು, ಇಲ್ಲದಿದ್ದರೆ ನಿಲ್ಲುತ್ತದೆ. ಪ್ರೌಢಶಾಲೆ ಬಿಟ್ಟ ಮೇಲೆ ನವೀಕರಣ ಮರೆತು ಕಳೆದುಕೊಳ್ಳುವವರು ಹೆಚ್ಚು.

ಹತ್ತನೆಯವರ ಹೆಸರು ಶಾಲೆ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಇದೆಯೇ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಕೊಳ್ಳುತ್ತದೆ. ಶಾಲೆ ದಾಖಲೆಯ ತಪ್ಪನ್ನು ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮುಂಚೆ ಸರಿಪಡಿಸುವುದು ಸುಲಭ, ಅಂಕಪಟ್ಟಿ ಅಚ್ಚಾದ ಮೇಲೆ ಅಲೆದಾಟ. 15 ವರ್ಷಕ್ಕೆ ಆಧಾರ್ ಬೆರಳಚ್ಚು ಮತ್ತೆ ಕೊಡಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಎರಡೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ (ಎಸ್‌ಎಸ್‌ಪಿ) ಅರ್ಜಿಗೆ ಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕಾಗುವುದು ಎರಡು ವರ್ಷದ ನಂತರ, ಸಿಇಟಿ ಹೊತ್ತಿಗೆ. ಆದರೂ ಹತ್ತು ಮುಗಿದ ಬೇಸಿಗೆಯಲ್ಲೇ ಮಾಡಿಸಿಟ್ಟರೆ ಒಳ್ಳೆಯದು.

ಹಂತ 8: ಕೊನೆಯ ಪರೀಕ್ಷೆಯಿಂದ ದಸರಾವರೆಗೆ

ಮಕ್ಕಳು ಕೈಜಾರುವುದು ಈ ಆರು ತಿಂಗಳಲ್ಲಿ. ನಾಲ್ಕು ಕರೆ ಮಾಡಿ. ಕರೆ ಮಾಡುವವರು ಅದೇ ಮಗುವಿಗೆ ಪಾಠ ಹೇಳಿದ ಅಣ್ಣ ಅಥವಾ ಅಕ್ಕನೇ ಆಗಿರಬೇಕು, ಕೇಂದ್ರದ ಫೋನಿನಿಂದ, ಪೋಷಕರ ನಂಬರಿಗೆ.

ಮೊದಲನೆಯದು ಫಲಿತಾಂಶ ಬಂದ ಮೂರು ದಿನದೊಳಗೆ. ಪಾಸಾದವರಿಗಿಂತ ಮೊದಲು ಫೇಲಾದವರಿಗೆ. ಹೋದ ವಿಷಯವನ್ನು ಮತ್ತೆ ಬರೆಯುವ ಪರೀಕ್ಷೆ-2ಕ್ಕೆ ಕಟ್ಟಲು ದಿನ ಕಡಿಮೆ ಇರುತ್ತದೆ. ಆ ವಾರ ಮಗು ಮನೆಯಿಂದ ಹೊರಗೇ ಬಂದಿರುವುದಿಲ್ಲ, ಹಾಗಾಗಿ ಕರೆಗಿಂತ ಮನೆಗೆ ಹೋಗುವುದೇ ಮೇಲು. ಎರಡನೆಯದು ಪಿಯು, ಡಿಪ್ಲೊಮಾ, ಐಟಿಐ ಪ್ರವೇಶದ ಗಡುವಿಗೆ ಎರಡು ವಾರ ಮುಂಚೆ, ಹಾಸ್ಟೆಲ್ ಅರ್ಜಿ ಸಮೇತ.

ಮೂರನೆಯದು ಆಗಸ್ಟ್ ನಡುವಿನಲ್ಲಿ, ನಾಲ್ಕೂ ಕರೆಗಳಲ್ಲಿ ಮುಖ್ಯವಾದದ್ದು. ಪ್ರವೇಶ ಪಡೆದೂ ಕಾಲೇಜಿಗೆ ಹೋಗದವರು ಆಗಲೇ ಕಾಣುವುದು. 'ಕಾಲೇಜು ಹೇಗಿದೆ' ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. 'ಬೆಳಗ್ಗೆ ಯಾವ ಬಸ್ಸಿಗೆ ಹೋಗ್ತೀಯವ್ವ? ಮೊದಲ ಪೀರಿಯಡ್ ಯಾರದು?' ಎಂದು ಕೇಳಿ. ಗಾರ್ಮೆಂಟ್ಸ್ ಬಸ್ ಹತ್ತುತ್ತಿರುವ ಹುಡುಗಿ ಇಲ್ಲಿ ತಡವರಿಸುತ್ತಾಳೆ. ಆಗ ಉಪದೇಶ ಬೇಡ, ಕಾರಣ ಕೇಳಿ. ಫೀಸೋ, ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಅರ್ಥವಾಗದೆಯೋ, ಮನೆಯ ಸಾಲವೋ ಎಂಬುದರ ಮೇಲೆ ಮುಂದಿನ ಹೆಜ್ಜೆ. ನಾಲ್ಕನೆಯದು ದಸರಾ ರಜೆಯಲ್ಲಿ. ಆಮೇಲೆ ದ್ವಿತೀಯ ಪಿಯು ಫಲಿತಾಂಶದ ಹೊತ್ತಿಗೆ ಒಂದು, ಅಲ್ಲಿಂದ ವರ್ಷಕ್ಕೊಂದು. ಪ್ರತಿ ಕರೆಯ ನಂತರ ದಾಖಲಾತಿ ಪುಸ್ತಕದ ಅದೇ ಪುಟದಲ್ಲಿ ದಿನಾಂಕ ಹಾಕಿ ಒಂದು ಸಾಲು ಬರೆಯಿರಿ.

ವಾಟ್ಸಾಪ್ ಗುಂಪು ಇದಕ್ಕೆ ಬದಲಿಯಲ್ಲ. ಮಾಡುವುದಾದರೆ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಇಲ್ಲವಾದರೆ ಶುಭೋದಯ, ರಾಜಕೀಯ, ಮಾರಾಟಕ್ಕಿರುವ ಸೈಟು. ಗುಂಪಿನಲ್ಲಿ ಹೆಣ್ಣುಮಕ್ಕಳ ನಂಬರ್ ಎಲ್ಲರಿಗೂ ಕಾಣುತ್ತದೆ ಎಂಬುದು ಇನ್ನೂ ದೊಡ್ಡ ತೊಂದರೆ. ಬ್ರಾಡ್‌ಕಾಸ್ಟ್ ಪಟ್ಟಿ ಮೇಲು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕಾಗಿ ಬೀಳ್ಕೊಡುವ ದಿನವೇ ಎದುರಿಗೆ ಕೂರಿಸಿ ಸೇವ್ ಮಾಡಿಸಿ.

ಹಂತ 9: ಹಳೆಯ ವಿದ್ಯಾರ್ಥಿಗಳಿಗೆ ಕೆಲಸ ಕೊಡುವುದು

'ಏನಾದರೂ ಸಹಾಯ ಮಾಡಿ' ಎಂದರೆ ಯಾರೂ ಏನೂ ಮಾಡುವುದಿಲ್ಲ. ದಿನ, ಗಂಟೆ, ಕೆಲಸ ಮೂರನ್ನೂ ಹೇಳಿ: 'ಮುಂದಿನ ಭಾನುವಾರ ಹತ್ತರಿಂದ ಒಂದು ಗಂಟೆ, ಆರು ಮಕ್ಕಳ ಎಸ್‌ಎಸ್‌ಪಿ ಅರ್ಜಿ ತುಂಬಬೇಕು, ಲ್ಯಾಪ್‌ಟಾಪ್ ತನ್ನಿ.' ಬೆಂಗಳೂರಿನಲ್ಲಿ ಇರುವವರಿಗೆ ಭಾನುವಾರ ಅರ್ಧ ಗಂಟೆ, ಕೇಂದ್ರದ ಫೋನಿನ ಸ್ಪೀಕರ್‌ನಲ್ಲಿ, ದೊಡ್ಡವರೊಬ್ಬರ ಎದುರಿಗೆ, ನಾಲ್ಕು ಮಕ್ಕಳಿಗೆ ಇಂಗ್ಲಿಷ್ ಮಾತು. ಐಟಿಐ ಮುಗಿಸಿ ಕಾರ್ಖಾನೆ ಸೇರಿದವರು, ನರ್ಸಿಂಗ್ ಓದುತ್ತಿರುವವರು ತಮ್ಮ ದಿನಚರಿ, ಸಂಬಳ, ಖರ್ಚು ಮುಚ್ಚಿಡದೆ ಹೇಳುವ ಒಂದು ಗಂಟೆ ಮಕ್ಕಳಿಗೆ ತುಂಬ ಉಪಯೋಗ. ಇಂಜಿನಿಯರ್ ಆದವರನ್ನಷ್ಟೇ ಕರೆಯುವ ಚಾಳಿ ಬಿಡಿ. ಎಸ್‌ಎಸ್‌ಎಲ್‌ಸಿ ಒಂದು ಸಲ ಫೇಲಾಗಿ ಕಟ್ಟಿ ಪಾಸಾದವರ ಮಾತನ್ನು ಮಕ್ಕಳು ಹೆಚ್ಚು ಕೇಳುತ್ತಾರೆ.

ವರ್ಷಕ್ಕೊಂದು ಸೇರುವಿಕೆ ಸಾಕು, ದಿನ ನೋಡಿ ಇಡಿ. ಯುಗಾದಿಗೆ ಎಲ್ಲರೂ ಊರಿಗೆ ಬರುತ್ತಾರೆ ನಿಜ, ಆದರೆ ಮಾರನೇ ದಿನ ಹೊಸತೊಡಕು, ಬಾಡೂಟ ಬಿಟ್ಟು ಯಾರೂ ಬರುವುದಿಲ್ಲ. ಹತ್ತನೆಯವರ ಪರೀಕ್ಷೆಯೂ ಆಗಲೇ. ಗೌರಿ ಗಣೇಶ ಹಬ್ಬದ ಹತ್ತಿರದ ಭಾನುವಾರ ಬೆಳಗ್ಗೆ, ಎರಡು ಗಂಟೆ ಮೀರದಂತೆ. ಶಾಲು, ಹಾರ, ಮೈಸೂರು ಪೇಟ, ವೇದಿಕೆ ಬೇಡ. ಅವೆಲ್ಲ ಇದ್ದರೆ ಗಣ್ಯರ ಭಾಷಣ ಕೇಳಿಯೇ ಬಂದವರು ಬಸ್ಸಿಗೆ ಹೊರಡುತ್ತಾರೆ. ಜಮಖಾನದ ಮೇಲೆ ಈಗಿನ ಮಕ್ಕಳ ಜೊತೆ ಕೂರಿಸಿ, ಬಂದವರ ನಂಬರ್, ಈಗಿನ ಕೆಲಸ ಬರೆದುಕೊಳ್ಳಿ.

ಹಂತ 10: ಹಣ ಮತ್ತು ಬೀಗದ ಕೈ

ಮೊದಲ ಎರಡು ವರ್ಷ ಹಳೆ ವಿದ್ಯಾರ್ಥಿಗಳ ಬಳಿ ದುಡ್ಡು ಕೇಳಬೇಡಿ. ಒಮ್ಮೆ ಕೇಳಿದರೆ ಮುಂದಿನ ಕರೆಯನ್ನು ಅವರು ಎತ್ತುವುದಿಲ್ಲ. ಯಾರಾದರೂ ತಾವಾಗಿ ಕೊಟ್ಟರೂ ಒಬ್ಬರ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ. ಶಾಲೆಗೆ ವಸ್ತು ಕೊಟ್ಟರೆ ಮುಖ್ಯ ಶಿಕ್ಷಕರಿಂದ ರಸೀದಿ ಪಡೆದು ದಾಸ್ತಾನು ಪುಸ್ತಕದಲ್ಲಿ ಏರಿಸಿ. ಹಣ ಕೂಡಿಸಲೇಬೇಕಾದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ, ಕನಿಷ್ಠ ಏಳು ಜನ ಬೇಕು. ಖಾತೆಗೆ ಇಬ್ಬರ ಸಹಿ ಇರಲಿ. ವಿದೇಶದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಆ ದೇಶದ ಪೌರತ್ವ ಪಡೆದವರ ಹಣ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ.

ಏಪ್ರಿಲ್‌ನಲ್ಲಿ ದಾಖಲಾತಿ ಪುಸ್ತಕದ ಒಂದು ಪ್ರತಿ ತೆಗೆದು, ನಿಮ್ಮ ಜೊತೆ ಹೊಣೆ ಹೊತ್ತ ಎರಡನೆಯವರ ಮನೆಯಲ್ಲಿ ಬೀಗ ಹಾಕಿಡಿ. ಕೊಠಡಿಯ ಬೀಗದ ಕೈ, ಕೇಂದ್ರದ ಸಿಮ್, ಬ್ರಾಡ್‌ಕಾಸ್ಟ್ ಪಟ್ಟಿ ಇರುವ ಫೋನಿನ ಪಾಸ್‌ವರ್ಡ್ ಸದಾ ಇಬ್ಬರ ಬಳಿ ಇರಬೇಕು. ಆ ಎರಡನೆಯವರು ಇದೇ ಕೇಂದ್ರದಲ್ಲಿ ಓದಿ ಹೋಗಿ 18 ದಾಟಿದ ಹಳೆ ವಿದ್ಯಾರ್ಥಿಯಾದರೆ ಒಳ್ಳೆಯದು. ಜೂನ್‌ನಲ್ಲಿ ಹತ್ತು ಹೆಸರಿನ ಹೊಸ ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿ.